ಆರು ಬಳೆಗಳ ರಂಪಾಟ

"ಕಳ್ಳ ಮಾಮ! ಹಾಡಹಗಲಲ್ಲೇ ಕದಿಯೋ ಕಳ್ಳ ಮಾಮ!"

ಹನಾದಿ ಕೂಗಿದ ರಭಸಕ್ಕೆ ಸಿಧೋಮ್ ಮಾಮನ ಚಿನ್ನದಂಗಡಿಯ ಗಾಜು ಗಡಗಡ ನಡುಗಿತು. ಲುಕ್ಸಾರ್ ಊರಿನ ಕತ್ತೆಗಳೆಲ್ಲ ಒಟ್ಟಿಗೆ ಕಿವಿ ನಿಮಿರಿಸಿದವು. ಒಂದು ವರ್ಷದಿಂದ ನೈಲ್ ನದಿಯ ದಂಡೆಗೆ ಕಟ್ಟಿಹಾಕಿದ್ದ ಟೂರಿಸ್ಟ್ ಹಡಗುಗಳು ಕೂಡ ಬೆಚ್ಚಿಬಿದ್ದು ಒಂದು ಗೇಣು ಹಿಂದೆ ಸರಿದವು. ಗಂಟಲು ಹತ್ತು ವರ್ಷದ ಹುಡುಗಿಯದೇ. ಆದರೆ ಹತ್ತು ಒಂಟೆಗಳು ಒಟ್ಟಿಗೆ ಅರಚಿದರೂ ಅದರ ಮುಂದೆ ಪಿಸುಮಾತು.

ಅಂಗಡಿಯಲ್ಲಿ ಮೂವರು ಹೆಂಗಸರಿದ್ದರು. ಅವರಲ್ಲಿ ಒಬ್ಬಳು ಅಪ್ಪನ ಅಕ್ಕ, ಕರೀಮಾ ಅತ್ತೆ. ನಾಳಿದ್ದು ಅವಳ ಮಗಳ ಮದುವೆ. ಮೊಣಕೈವರೆಗೆ ಬಳೆ ತೊಟ್ಟು, ಮಗಳ ಉಂಗುರ ಸಣ್ಣದು ಮಾಡಿಸಲು ಬಂದಿದ್ದಳು.

"ಏನೇ ಇದು ನಿನ್ನ ಗಲಾಟೆ? ಮೈಮೇಲೆ ಏನಾದ್ರೂ ಬಂತಾ?"

ಹನಾದಿ ಕೈ ಎತ್ತಿ ತೋರಿಸಿದಳು. ಮಣಿಕಟ್ಟಿನ ಸುತ್ತ ಹಸಿರು ಗೆರೆ.

"ಅಮ್ಮನ ಬಳೆ ಹಾಕ್ಕೊಂಡು ಪಾತ್ರೆ ತೊಳೆದೆ ಅತ್ತೆ. ನೋಡಿ, ಕೈ ಹೆಂಗಾಗಿದೆ! ಚಿನ್ನ ಬಣ್ಣ ಬಿಡುತ್ತಾ? ಇದು ಚೈನಾ ಚಿನ್ನ! ಪಾಲಿಷ್‌ಗೆ ಅಂತ ಕೊಟ್ರೆ, ಈ ಮಾಮ ಅಸಲಿ ಇಟ್ಕೊಂಡು ನಕಲಿ ಕೊಟ್ಟಿದಾನೆ!"

ಅಮ್ಮ ಬ್ಯಾಂಕನ್ನು ನಂಬುವವಳಲ್ಲ. ಅಪ್ಪ ಹಡಗಿನ ಅಡುಗೆಮನೆಯಲ್ಲಿ ದುಡಿದದ್ದರಲ್ಲಿ ಉಳಿಸಿ ಉಳಿಸಿ, ಒಂದೊಂದೇ ಬಳೆ ಮಾಡಿಸಿಕೊಂಡಿದ್ದಳು. ಹೀಗೆ ಆರು ಬಳೆ. ಅವುಗಳ ಹೊಳಪಿಗೆ ಎದುರುಮನೆಯ ಕೋಳಿಗಳು ಬೆಳಗಾಯಿತೆಂದು ಮೂರು ಹೊತ್ತೂ ಕೂಗುತ್ತಿದ್ದವು.

ಕೊರೋನಾ ಬಂತು. ಹಡಗು ನಿಂತಿತು. ಅಪ್ಪ ಗಲ್ಲಿಯ ಮೂಲೆಯಲ್ಲಿ ಬಾಣಲೆ ಇಟ್ಟು ತಾಮಿಯಾ ವಡೆ ಕರಿಯತೊಡಗಿದ. ಅದರ ಘಮ ಕೈರೋವರೆಗೆ ಹೋಗುತ್ತಿತ್ತು. ಗಿರಾಕಿಗಳು ಮಾತ್ರ ಪಕ್ಕದ ಗಲ್ಲಿಯಿಂದಲೂ ಬರುತ್ತಿರಲಿಲ್ಲ. ಅದೇ ಸಮಯದಲ್ಲಿ ಅಮ್ಮನ ಕೈ ಒಂದು ವಾರ ಖಾಲಿಯಾಗಿತ್ತು. "ಸಿಧೋಮ್ ಮಾಮನ ಹತ್ರ ಪಾಲಿಷ್‌ಗೆ ಕೊಟ್ಟಿದೀನಿ" ಎಂದಿದ್ದಳು. ಆಮೇಲೆ ಬಳೆಗಳು ಮತ್ತೆ ಕೈಗೆ ಬಂದವು.

"ಅಮ್ಮ ಪಾಪ, ಇದನ್ನೇ ಚಿನ್ನ ಅಂದ್ಕೊಂಡು ಮದುವೆಗೆ ಹಾಕ್ಕೊಂಡು ಬರ್ತಾಳೆ!" ಹನಾದಿಯ ಮೂಗಿನ ತುದಿ ಮೆಣಸಿನಕಾಯಿಯಂತೆ ಕೆಂಪಾಗಿತ್ತು. "ಎಲ್ಲಿ ಆರು ಬಳೆ? ಕೊಡು ಮಾಮ! ಈಗಲೇ ಕೊಡು!"

ಸಿಧೋಮ್ ಮಾಮ ಕನ್ನಡಕ ತೆಗೆದ. ಕರೀಮಾ ಅತ್ತೆಯ ಕಡೆ ನೋಡಿದ.

"ನಿನ್ನಮ್ಮನ್ನ ಕರ್ಕೊಂಡು ಬಾ ಪುಟ್ಟಿ. ನಾನೇನೂ ಹೇಳಲ್ಲ."

"ಹೇಳೋಕೆ ಬಾಯಿದ್ರೆ ತಾನೇ!" ಕರೀಮಾ ಅತ್ತೆ ಎಲ್ಲರಿಗಿಂತ ಜೋರಾಗಿ ಕೂಗಿದಳು. "ನಮಗೆಲ್ಲ ಕೊರೋನಾ ಬಂದ್ರೆ ನಿಮಗೆ ಹಬ್ಬ ಅಲ್ವಾ? ಕೊಡ್ರಿ ನಮ್ಮ ಉಂಗುರ. ನಿಮ್ಮ ರಿಪೇರಿ ಸಾಕು!"

"ನನ್ನ ಸರಾನೂ ಕೊಟ್ಬಿಡಿ" ಎಂದಳು ಇನ್ನೊಬ್ಬಳು.

"ನನ್ನ ಓಲೇನೂ."

ಬಾಗಿಲಲ್ಲಿ ಜನ ಸೇರಿದರು. ಎಷ್ಟು ಜನ ಅಂತೀರಿ, ಅರ್ಧ ಈಜಿಪ್ಟು! ಹುಡುಗರು "ಕಳ್ಳ, ಕಳ್ಳ" ಎಂದು ತಾಳ ಹಾಕಿದರು. ಮಾಮ ಡ್ರಾಯರ್ ಎಳೆದು ಸರ, ಓಲೆ, ಉಂಗುರಗಳನ್ನು ಒಂದೊಂದಾಗಿ ಎತ್ತಿ ಕೊಟ್ಟ. ಕೊಡುವ ಮುಂಚೆ ಪ್ರತಿಯೊಂದನ್ನೂ ಬಟ್ಟೆಯಿಂದ ಒರೆಸಿದ.

ಕಳ್ಳರು ಹೀಗೆ ಒರೆಸಿ ಕೊಡುತ್ತಾರೆಯೇ? ಹನಾದಿಗೆ ಯಾಕೋ ಅನುಮಾನ ಬಂತು. ಆದರೂ ಸೊಂಟದ ಮೇಲಿನ ಕೈ ತೆಗೆಯಲಿಲ್ಲ.

ಅಷ್ಟರಲ್ಲಿ ಜನರನ್ನು ಸರಿಸಿಕೊಂಡು ಅಮ್ಮ ಒಳನುಗ್ಗಿದಳು. ಕೈಯಲ್ಲಿನ್ನೂ ಹಿಟ್ಟು ಮೆತ್ತಿತ್ತು.

"ಯಾರು ಕಳ್ಳ ಅಂದಿದ್ದು?"

"ನಾನೇ!" ಹನಾದಿ ಎದೆ ಉಬ್ಬಿಸಿದಳು.

ಅಮ್ಮ ಮಾಮನ ಕಡೆ ತಿರುಗಿದಳು. "ನೀವ್ಯಾಕೆ ಸುಮ್ಮನಿದ್ರಿ ಮಾಮ? ಹೇಳಬಾರದಿತ್ತಾ?"

"ಯಾರಿಗೂ ಹೇಳಬೇಡಿ ಅಂದಿದ್ದೆಯಲ್ಲಮ್ಮ."

ಅಮ್ಮ ಕರೀಮಾ ಅತ್ತೆಯನ್ನು ಒಮ್ಮೆ ನೋಡಿದಳು, ಬಾಗಿಲಲ್ಲಿದ್ದ ಜನರನ್ನು ಒಮ್ಮೆ ನೋಡಿದಳು. ಒಂದು ಉಸಿರು ಎಳೆದುಕೊಂಡಳು.

"ನಾನೇ ಮಾರಿದೆ. ಆರೂ ಬಳೆ. ಹಡಗು ನಿಂತು ಮೂರು ತಿಂಗಳಾಗಿತ್ತು. ಮನೆ ಬಾಡಿಗೆ ಕೊಡಬೇಕಿತ್ತು, ಹೊಟ್ಟೆಗೆ ಬೇಕಿತ್ತು. ಬೇರೆ ಅಂಗಡಿಯೋರು ನನ್ನ ಮುಖ ನೋಡಿ ಅರ್ಧ ರೇಟ್ ಹೇಳಿದ್ರು. ಈ ಮಾಮ ಒಂದು ಪೌಂಡೂ ಮುರ್ಕೊಳ್ಳದೆ ಪೂರ್ತಿ ಕೊಟ್ರು. ಚೈನಾ ಬಳೆ ಬಜಾರಲ್ಲಿ ಕೊಂಡೋಳು ನಾನು."

"ಅಮ್ಮಾ..."

"ಯಾಕೆ ಕೊಂಡೆ ಅಂತ ಕೇಳಿ ಅತ್ತಿಗೆ. ಖಾಲಿ ಕೈಲಿ ನಿಮ್ಮನೆ ಮೆಟ್ಟಿಲು ಹತ್ತಿದ್ರೆ ನಿಮ್ಮ ತಮ್ಮನ್ನ ಜನ ಏನಂತಾರೋ ಅಂತ!" ಅಮ್ಮನ ದನಿ ಏರುತ್ತಲೇ ಹೋಯಿತು. ಹನಾದಿಗೆ ಆ ಗಂಟಲು ಎಲ್ಲಿಂದ ಬಂತೆಂದು ಅಂದು ಊರಿಗೇ ಗೊತ್ತಾಯಿತು. "ಹನ್ನೊಂದು ವರ್ಷ ಅವರು ಆ ಹಡಗಲ್ಲಿ ಬೆಂಕಿ ಮುಂದೆ ನಿಂತಿದ್ರು. ನಿಲ್ಸಿದ ದಿನ ಓನರ್ ಒಂದು ಫೋನ್ ಮಾಡ್ಲಿಲ್ಲ, ಒಂದು ಪೌಂಡ್ ಕೊಡ್ಲಿಲ್ಲ. ಕಳ್ಳ ಅಂತ ಕೂಗಬೇಕಾ ಹನಾದಿ? ಹೋಗು, ಆ ದಂಡೆ ಮೇಲೆ ನಿಂತು ಕೂಗು!"

ತಾಳ ಹಾಕಿದ ಹುಡುಗರು ಜಾಗ ಖಾಲಿ ಮಾಡಿದರು. ಸರ ವಾಪಸ್ ಪಡೆದವಳು ಅದನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು. ಓಲೆಯವಳೂ ಇಟ್ಟಳು. ಕರೀಮಾ ಅತ್ತೆ ಉಂಗುರ ಇಡಲಿಲ್ಲ. ತೋಳನ್ನು ಶಾಲಿನೊಳಗೆ ಎಳೆದುಕೊಂಡು ಹೊರಟೇಹೋದಳು.

"ಸಾರಿ ಮಾಮ." ಹನಾದಿಯ ದನಿ ಇರುವೆಯಷ್ಟಾಗಿತ್ತು.

"ಇರಲಿ ಬಿಡು" ಎಂದ ಮಾಮ, ಕನ್ನಡಕ ಒರೆಸುತ್ತ. "ಮುಂದಿನ ಸಲ ಬೈಯೋಕೆ ಬಂದ್ರೆ ಸ್ವಲ್ಪ ದೂರ ನಿಂತ್ಕೋ. ಗಾಜು ಹೊಸದು."

ಮದುವೆಯ ದಿನ ಅಮ್ಮ ನೀಲಿ ಉಡುಪು ಹಾಕಿಕೊಂಡಳು. ಬಳೆಗಳನ್ನು ಡಬ್ಬಿಯಲ್ಲೇ ಬಿಟ್ಟಳು. ಅತ್ತೆಯ ಮನೆಯ ಮೆಟ್ಟಿಲು ಬರೀ ಎಂಟು, ಆದರೆ ಅಂದು ಎಂಟು ನೂರಿತ್ತು. ಹನಾದಿ ಅಮ್ಮನ ಕೈ ಹಿಡಿದಳು. ಅಲ್ಲಲ್ಲ, ಬಳೆ ಇರಬೇಕಾದ ಜಾಗವನ್ನೇ ಮುಚ್ಚಿ ಹಿಡಿದಳು. ಯಾರಾದರೂ ನಕ್ಕರೆ ಈ ಮದುವೆಯನ್ನೇ ಊರಾಚೆ ಹಾರಿಸುವಂತೆ ಕೂಗಬೇಕೆಂದು ಗಂಟಲು ಸರಿಮಾಡಿಕೊಂಡಳು.

ಬಾಗಿಲಲ್ಲಿ ಕರೀಮಾ ಅತ್ತೆ ನಿಂತಿದ್ದಳು. ಬಂದವರನ್ನೆಲ್ಲ ತಬ್ಬಿಕೊಳ್ಳುತ್ತಿದ್ದಳು. ಅಮ್ಮನ ಕಡೆ ಎರಡೂ ತೋಳು ಚಾಚಿದಳು.

ಎರಡೂ ತೋಳು ಖಾಲಿ. ಮೊಣಕೈವರೆಗೆ ಒಂದೇ ಒಂದು ಬಳೆ ಇರಲಿಲ್ಲ, ಮಾಸಿದ ಹಸಿರು ಗೆರೆಗಳು ಮಾತ್ರ.

ಹನಾದಿಯ ಬಾಯಿ ತಾನಾಗಿಯೇ ತೆರೆದುಕೊಂಡಿತು. ಅಂಗಡಿಯಲ್ಲಿ ಅತ್ತೆ ಎಲ್ಲರಿಗಿಂತ ಜೋರಾಗಿ ಕೂಗಿದ್ದು ನೆನಪಾಯಿತು. ಹತ್ತು ಒಂಟೆಗಳಷ್ಟು ದೊಡ್ಡ ಮಾತೊಂದು ನಾಲಿಗೆಯ ತುದಿಗೆ ಬಂದು ನಿಂತಿತು.

"ಏನೇ ಹಂಗೆ ನೋಡ್ತೀಯಾ?" ಎಂದಳು ಅತ್ತೆ. ಚಾಚಿದ ತೋಳನ್ನು ಮಾತ್ರ ಹಿಂದಕ್ಕೆಳೆಯಲಿಲ್ಲ.

"ಏನಿಲ್ಲ ಅತ್ತೆ" ಎಂದಳು ಹನಾದಿ, ಪಕ್ಕದವರಿಗೂ ಕೇಳಿಸದಷ್ಟು ಮೆಲ್ಲಗೆ. "ಟ್ರೇ ಕೊಡಿ. ಶರಬತ್ತು ನಾನು ಹಂಚ್ತೀನಿ."