ಉತ್ತರ ಕೊಡದ ಸಾಕೆಟ್ಟು

ಮೂರನೆಯ ಸಲವೂ ರಿಪೇರಿ ಅಂಗಡಿಯಲ್ಲಿ ಅವಳ ಫೋನು ಚಾರ್ಜ್ ಆಯಿತು. ತಾನು ಕೆಲಸ ಮಾಡುವ ಕನ್ನಡಕದಂಗಡಿಗೆ ಮರಳಿ ಮೇಜಿನ ಯುಎಸ್‌ಬಿ ಸಾಕೆಟ್ಟಿಗೆ ಚುಚ್ಚಿದರೆ ಮತ್ತೆ ಮಿಸುಕಲಿಲ್ಲ. ಅದೇ ಸಾಕೆಟ್ಟಿನಲ್ಲಿ ತಂಗಿಯ ಹಳೇ ಫೋನು ಮಾತ್ರ ಹಾಯಾಗಿ ಚಾರ್ಜ್ ಆಗುತ್ತಿತ್ತು.

ಅವಳಿಗೆ ಅನುಮಾನ ಬಂತು. ದಿನವಿಡೀ ಜನರ ಕಣ್ಣು ಪರೀಕ್ಷಿಸುವವಳು. ಕಾಣದ ಅಕ್ಷರವನ್ನು ಕಂಡಂತೆ ಓದುವವರನ್ನು ಕುಳಿತಲ್ಲೇ ಹಿಡಿಯುತ್ತಿದ್ದಳು. ಆದರೆ ಮದುವೆಗೆ ಗೊತ್ತು ಮಾಡಿದ್ದ ಹುಡುಗ ಎಂಟು ತಿಂಗಳು ಇನ್ನೊಬ್ಬಳ ವಿಷಯ ಮುಚ್ಚಿಟ್ಟಿದ್ದು ಅವಳ ಕಣ್ಣಿಗೆ ಬಿದ್ದಿರಲಿಲ್ಲ. ಆ ಮದುವೆ ಮುರಿದಂದಿನಿಂದ ಯಾರು ನಕ್ಕರೂ ಯಾಕೆ ನಕ್ಕರೆಂದು ಯೋಚಿಸುವಂತಾಗಿತ್ತು.

ಈ ರಿಪೇರಿಯವನು ನಗುತ್ತಿದ್ದ. ಅದೂ ತಲೆ ತಗ್ಗಿಸಿ, ತನಗೆ ತಾನೇ.

“ನನ್ನ ಫೋನಿಗೆ ಏನೋ ಮಾಡಿದೀರಿ,” ಎಂದಳು ನಾಲ್ಕನೆಯ ದಿನ, ಅವನ ಅಂಗಡಿಯ ಬಾಗಿಲಲ್ಲೇ ನಿಂತು.

“ಚಾರ್ಜಿಂಗ್ ತೂತು ಒರೆಸಿದೀನಿ, ಅಷ್ಟೇ.”

“ನಿಮ್ಮ ಹತ್ರ ಸರಿಯಾಗಿರುತ್ತೆ, ನನ್ನ ಹತ್ರ ಬಂದ್ರೆ ಹಠ ಮಾಡುತ್ತೆ. ಯಾಕೆ?”

ಅವನ ಕಿವಿ ಕೆಂಪಾದವು. ಹಳೆಯ ಕೇಬಲ್ಲೊಂದನ್ನು ಸೀಳಿ ತೋರಿಸಿದ. ಒಳಗೆ ನಾಲ್ಕು ತಂತಿ: ಎರಡು ದಪ್ಪ, ಎರಡು ಕೂದಲೆಳೆಯಂಥವು.

“ಕರೆಂಟು ದಪ್ಪದ್ರಲ್ಲಿ ಬರುತ್ತೆ. ಆದ್ರೆ ಕೆಲವು ಫೋನು ಮೊದ್ಲು ಈ ಸಣ್ಣದ್ರಲ್ಲಿ ವಿಚಾರಿಸುತ್ತೆ, ನೀನು ಎಂಥ ಚಾರ್ಜರು, ಎಷ್ಟು ಕೊಡ್ತೀಯ ಅಂತ. ಉತ್ತರ ಬರದಿದ್ರೆ ತಗೊಳಲ್ಲ. ನಿಮ್ಮ ಮೇಜಿನ ಸಾಕೆಟ್ಟಲ್ಲಿ ಸಣ್ಣ ತಂತಿಗೆ ಏನೂ ಜೋಡಿಸಿಲ್ಲ ಅನ್ಸುತ್ತೆ. ನಿಮ್ಮ ತಂಗಿ ಫೋನು ಕೇಳೋ ಗೋಜಿಗೇ ಹೋಗಲ್ಲ.”

“ಅಂದ್ರೆ ನನ್ನ ಫೋನು ಕೆಟ್ಟೇ ಇಲ್ಲ.”

“ಇಲ್ಲ.”

“ನಿಮಗೆ ಯಾವತ್ತು ಗೊತ್ತಾಯ್ತು?”

ಅವನು ಮೊದಲ ಬಾರಿಗೆ ನೇರವಾಗಿ ನೋಡಿದ. “ಎರಡನೇ ದಿನಾನೇ. ತಂಗಿ ಫೋನಿನ ವಿಷಯ ಹೇಳಿದ್ರಲ್ಲ, ಆಗ. ಬೇರೆ ಚಾರ್ಜರ್ ಹಾಕಿ ಅಂದಿದ್ರೆ ನೀವು ಮತ್ತೆ ಬರ್ತಿರ್ಲಿಲ್ಲ.”

ಅವಳ ಮೈ ಉರಿಯಿತು. ಫೋನು ಎತ್ತಿಕೊಂಡು ಹೊರಟುಹೋದಳು.

ಎರಡು ವಾರ ಆ ಬೀದಿ ಬಿಟ್ಟು ಸುತ್ತು ಬಳಸಿ ನಡೆದಳು. ಸಿಟ್ಟು ಇಳಿಯಲಿಲ್ಲ. ಆದರೆ ಮದುವೆಗೆ ಗೊತ್ತಾಗಿದ್ದ ಆ ಹುಡುಗನ ಸುಳ್ಳನ್ನು ಅವಳೇ ಅಗೆದು ತೆಗೆಯಬೇಕಾಗಿತ್ತು. ಇವನು ಕೇಳಿದೊಡನೆ ಒಪ್ಪಿಕೊಂಡಿದ್ದ. ಅದೇ ಅವಳನ್ನು ಕಾಡಿತು.

ಹದಿನೈದನೆಯ ದಿನ ಮಧ್ಯಾಹ್ನ ಅವನೇ ಕನ್ನಡಕದಂಗಡಿಗೆ ಬಂದು ಅವಳೆದುರಿನ ಕುರ್ಚಿಯಲ್ಲಿ ಕುಳಿತ. “ಸಣ್ಣ ಸ್ಕ್ರೂ ಎಲ್ಲ ಮಸುಕಾಗಿ ಕಾಣ್ತಿದೆ.”

“ನಿಜವಾಗ್ಲೂನಾ, ಇಲ್ಲ ಇದೂ ನೆಪಾನಾ?”

“ಎರಡೂ.”

ಅವಳು ಮಸೂರ ಬದಲಿಸುತ್ತ ಹೋದಳು. ದೃಷ್ಟಿ ನಿಜಕ್ಕೂ ಕೊಂಚ ಕೆಟ್ಟಿತ್ತು. ಅಷ್ಟು ಹತ್ತಿರದಲ್ಲಿ ಅವನು ಉಸಿರು ಬಿಗಿಹಿಡಿದು ಕುಳಿತಿದ್ದ.

“ಉಸಿರಾಡಬಹುದು. ಪರೀಕ್ಷೆ ಕಣ್ಣಿಗೆ ಮಾತ್ರ,” ಎಂದಳು. ಬಳಿಕ ಮೆಲ್ಲಗೆ, “ಭಾನುವಾರ ಮನೆಗೆ ಬನ್ನಿ. ಅಮ್ಮಂಗೆ ನನಗಿಂತ ಜಾಸ್ತಿ ಅನುಮಾನ. ಏನು ಕೇಳಿದ್ರೂ ನಿಜಾನೇ ಹೇಳಿ.”

“ನಿಮ್ಮ ಮೇಲೆ ಮನಸಾಗಿದೆ ಅಂತಾನೂ ಹೇಳ್ಲಾ?”

ಅವಳ ಕೈಯಲ್ಲಿದ್ದ ಮಸೂರ ಗಾಳಿಯಲ್ಲೇ ನಿಂತಿತು.

“ಅದನ್ನ ಮೊದ್ಲು ನನಗೆ ಹೇಳಿ.”

ಅವನು ಹೇಳಿದ.