ಸರದಾರ ಕೂಗಲಿಲ್ಲ

“ಯಾಕ ಸುಮ್ಮನಾತು ಇದು?”

ಕಲ್ಯಾಣಿ ಜೋರಾಗಿಯೇ ಕೇಳಿದಳು. ಉತ್ತರ ಹೇಳಲು ಅಲ್ಲಿ ಯಾರೂ ಇರಲಿಲ್ಲ. ದೇವದುರ್ಗದ ಆಚೆಯ ಗುಡ್ಡ, ಸುತ್ತ ಜಾಲಿ ಕಂಟಿ, ಮುಂದೆ ಒಂದು ಬಿದಿರಿನ ಪಂಜರ. ಪಂಜರದೊಳಗೆ ತಾತ ಬೂದೆಪ್ಪ ಸಾಕಿದ ಕೌಜುಗ. ಅದರ ಹೆಸರು ಸರದಾರ. ಇಷ್ಟು ಹೊತ್ತು ಗುಡ್ಡಕ್ಕೆಲ್ಲ ಕೇಳುವ ಹಾಗೆ ಕೂಗುತ್ತಿದ್ದ ಹಕ್ಕಿ ಈಗ ಕತ್ತು ಉದ್ದ ಮಾಡಿ ನಿಂತುಬಿಟ್ಟಿತ್ತು.

ಹೋಳಿ ಹುಣ್ಣಿಮೆ ಕಳೆದು ಬೇವು ಹೂ ಬಿಡುವ ಹೊತ್ತಿಗೆ ಗಂಡು ಕೌಜುಗಗಳಿಗೆ ಎಲ್ಲಿಲ್ಲದ ಸೊಕ್ಕು ಬರುತ್ತದೆ. ತನ್ನ ಜಾಗದಲ್ಲಿ ಇನ್ನೊಂದು ಗಂಡು ಕೂಗಿದರೆ ಸಾಕು, ಜಗಳಕ್ಕೆ ಓಡಿ ಬರುತ್ತವೆ. ತಾತ ಸರದಾರನನ್ನು ಗುಡ್ಡಕ್ಕೆ ತಂದು ಕೂಗಿಸುತ್ತಿದ್ದುದು ಅದಕ್ಕೇ. ಪಂಜರದ ಸುತ್ತ ದಾರದ ಉರುಲು ಹಾಕಿರುತ್ತಿದ್ದ. ಜಗಳಕ್ಕೆ ಬಂದ ಹಕ್ಕಿಯ ಕಾಲು ಉರುಲಿಗೆ ಸಿಕ್ಕಿಕೊಳ್ಳುತ್ತಿತ್ತು.

“ಫಾರೆಸ್ಟಿನವ್ರು ಹಿಡದ್ರ ಕೇಸ್ ಹಾಕ್ತಾರ. ಈ ವಯಸ್ಸಿನ್ಯಾಗ ಜೈಲಿಗೆ ಹೋಗ್ತಿಯೇನು?” ಎಂದು ಅವ್ವ ನಾಗವೇಣಿ ಬೈದರೆ, ತಾತ ಕೇಳಿಸದವನ ಹಾಗೆ ಎಲೆಗೆ ಸುಣ್ಣ ಹಚ್ಚುತ್ತ ಕೂರುತ್ತಿದ್ದ.

ಈ ಸಲ ಕಲ್ಯಾಣಿ ಅತ್ತು, ಊಟ ಬಿಟ್ಟು, ಹಟ ಹಿಡಿದು ಬಂದಿದ್ದಳು. ಆಚೆ ಬದಿಗೆ ಉರುಲು ಕಟ್ಟಲು ಹೋಗುವಾಗ ತಾತ ಅವಳನ್ನು ಪಂಜರದ ಹಿಂದೆ ಕೂರಿಸಿದ್ದ.

“ಇದನ್ನ ಬಿಟ್ಟು ಏಳಬಾರ್ದು ನೋಡವ್ವಾ. ಇದು ಕೂಗಿದ್ದು ಕೌಜುಗಕ್ಕಷ್ಟ ಕೇಳಂಗಿಲ್ಲ. ಹಾವಿಗೂ ಕೇಳ್ತದ, ಮುಂಗಲಿಗೂ ಕೇಳ್ತದ. ಹಂಗಿದ್ರೂ ಕೂಗ್ತದಲ್ಲ, ಯಾಕ? ಹಿಂದ ನಮ್ಮವ್ರು ಕುಂತಾರ ಅನ್ನೋ ಧೈರ್ಯದ ಮ್ಯಾಲ.”

“ನಾ ಏನು ಸಣ್ಣಾಕಿನಾ ತಾತಾ? ಹೋಗು ನೀನು, ನಾ ಅದೀನಿ.”

ಹಾಗೆ ಹೇಳಿ ಬಹಳ ಹೊತ್ತಾಗಿರಲಿಲ್ಲ. ಈಗ ಸರದಾರ ಸುಮ್ಮನಾದ ಬೆನ್ನಿಗೇ ಒಣ ಎಲೆಗಳು ಸರಸರ ಎಂದವು. ಕಂಟಿಯ ಬುಡದಿಂದ ಹಾವೊಂದು ಹೊರಬಂತು. ತಾತನ ಕೋಲಿಗಿಂತ ಉದ್ದ. ಅದು ಕಲ್ಯಾಣಿಯ ಕಡೆ ನೋಡಲೂ ಇಲ್ಲ, ನೆಟ್ಟಗೆ ಪಂಜರದ ಕಡೆ ಹರಿಯಿತು.

ಕಲ್ಯಾಣಿ ಎದ್ದಳು. ಓಡಿದಳು.

ದೊಡ್ಡ ಬಂಡೆಯ ಮರೆಗೆ ಬಂದು ನಿಂತಾಗಲೇ ಅವಳಿಗೆ ತನ್ನ ಕೈ ಕಂಡಿದ್ದು. ಕೈಯಲ್ಲಿ ಹಸಿರು ವಾಟರ್ ಬಾಟಲಿ ಇತ್ತು. ಓಡುವಾಗ ಬಾಟಲಿ ನೆನಪಾಗಿತ್ತು, ಸರದಾರ ನೆನಪಾಗಿರಲಿಲ್ಲ.

ಅಲ್ಲಿಂದ ಎಲ್ಲ ಕಾಣುತ್ತಿತ್ತು. ಪಂಜರ ಉರುಳಿತ್ತು. ಹಾವು ಕಡ್ಡಿಗಳ ಸಂದಿಯಲ್ಲಿ ತಲೆ ತೂರಿಸಿತ್ತು. ಸರದಾರ ಪಟಪಟ ರೆಕ್ಕೆ ಬಡಿಯುತ್ತ ಚೀರುತ್ತಿತ್ತು. ‘ಹೋಗು, ಕಲ್ಲಾದರೂ ಒಗಿ’ ಎಂದು ಕಲ್ಯಾಣಿ ತನಗೆ ತಾನೇ ಹೇಳಿಕೊಂಡಳು. ಕಾಲು ಕೇಳಲಿಲ್ಲ.

ಆಚೆ ಬದಿಯಿಂದ ತಾತನ ಕೋಲಿನ ಸದ್ದು ಹತ್ತಿರವಾಯಿತು. ಹಾವು ತಲೆ ಹೊರಗೆಳೆದುಕೊಂಡು ಕಲ್ಲುಗಳ ಸಂದಿಗೆ ಹೋಯಿತು. ಆಗ ಕಲ್ಯಾಣಿಯ ಕಾಲಿಗೆ ಜೀವ ಬಂತು. ಓಡಿ ಬಂದಳು. ಬರುವಾಗ ಅದೇಕೋ ಒಂದು ಜಾಲಿ ಕಟ್ಟಿಗೆ ಎತ್ತಿಕೊಂಡಳು.

ತಾತ ಬಂದು ನೋಡಿದ. ಉರುಳಿದ ಪಂಜರ, ಸುತ್ತ ಬಾಲದ ಪುಕ್ಕ, ಕೈಯಲ್ಲಿ ಕಟ್ಟಿಗೆ ಹಿಡಿದು ಏದುಸಿರು ಬಿಡುತ್ತಿದ್ದ ಮೊಮ್ಮಗಳು.

“ಯಪ್ಪಾ! ಕೇರಿಹಾವು ಬಂದಿತ್ತೇನು? ನೀನ ಓಡಿಸಿದೇನು ಯವ್ವಾ?”

ಕಲ್ಯಾಣಿ ಹೌದೆಂದು ಗೋಣು ಹಾಕಿದಳು, ಅಷ್ಟೇ.

ಆದರೆ ಆ ಗೋಣು ಹಾಕಿದ್ದು ಅವಳಿಗಿಂತ ಮೊದಲೇ ಊರು ಸೇರಿತು. ಚಹಾದಂಗಡಿಯಲ್ಲಿ ತಾತ ಹೇಳಿದ. ನೀರು ಬಿಡುವವನಿಗೆ ಹೇಳಿದ. ಪಕ್ಕದ ಮನೆಯ ಮಹಬೂಬೀ ಚಾಚಿ ಓಡಿ ಬಂದು, “ನಮ್ಮ ಹುಡುಗಿಗೆ ನಜರ್ ಆಗ್ತದ” ಎಂದು ಕೆಂಪು ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದಳು. ಎಲ್ಲರೂ ಕೆಮ್ಮಿದರು. ಕಲ್ಯಾಣಿಯ ಕಣ್ಣಲ್ಲಿ ನೀರು ಬಂತು. ಹೊಗೆಗೆ ಬಂತೆಂದು ಎಲ್ಲರೂ ತಿಳಿದರು.

ಶಾಲೆಯಲ್ಲಿ ಚಾಚಿಯ ಮಗಳು ಮಿನಾಜ್ ಸುಮ್ಮನಿರಲಿಲ್ಲ.

“ಹಾವು ಇಷ್ಟುದ್ದ ಇತ್ತಂತ, ನಮ್ಮ ಬ್ಲ್ಯಾಕ್‌ಬೋರ್ಡಿನಷ್ಟು!”

“ಸುಳ್ಳ!” ಎಂದ ಹಿಂದಿನ ಬೆಂಚಿನ ಕನಕಪ್ಪ.

“ನಿನಗೇನು ಗೊತ್ತಲೇ? ಗ್ವಾಡಿ ಮ್ಯಾಲ ಹಲ್ಲಿ ಕಂಡ್ರ ಟೀಚರ್ ಟೀಚರ್ ಅಂತ ಓಡ್ತಿ!”

ಇಡೀ ಕ್ಲಾಸು ನಕ್ಕಿತು. ಟೀಚರು ಎಲ್ಲರಿಂದ ಚಪ್ಪಾಳೆ ಹೊಡೆಸಿದರು. ಕಲ್ಯಾಣಿ ಎದ್ದು ನಿಲ್ಲಬೇಕಾಯಿತು. ಅವಳು ತನ್ನ ಕಾಲ ಬೆರಳನ್ನೇ ನೋಡುತ್ತ ನಿಂತಳು.

“ಎಷ್ಟು ನಾಚಿಕಿ ನೋಡ್ರಿ ಈಕಿಗೆ,” ಎಂದರು ಟೀಚರು ಪ್ರೀತಿಯಿಂದ.

ಮುಂದಿನ ಭಾನುವಾರ ತಾತನೇ ಅವಳನ್ನು ಎಬ್ಬಿಸಿದ. “ಏಳು, ನನ್ನ ಸಿಪಾಯಿ. ನೀ ಇದ್ರ ನನಗ ಚಿಂತಿಲ್ಲ.”

ಬರುವುದಿಲ್ಲ ಎನ್ನಲು ಅವಳಿಗೆ ಒಂದು ನೆಪವೂ ಹೊಳೆಯಲಿಲ್ಲ.

ಗುಡ್ಡದಲ್ಲಿ ತಾತ ಉರುಲು ಕಟ್ಟಲು ಹೋದ. ಕಲ್ಯಾಣಿ ಪಂಜರದ ಹಿಂದೆ ಕುಳಿತಳು. ಸರದಾರ ಪಂಜರದ ಆಚೆ ಮೂಲೆಗೆ ಸರಿದು ಮೈ ಮುದುಡಿಕೊಂಡಿತು. ಅವಳು ಗೆದ್ದಲು ಹಿಡಿದು ಸಂದಿಯಲ್ಲಿ ಚಾಚಿದಳು. ಅದು ನೋಡಲಿಲ್ಲ. “ಕೂಗೋ ಸರದಾರ,” ಎಂದು ಪಿಸುಗುಟ್ಟಿದಳು. ಕೂಗಲಿಲ್ಲ.

ತಾತ ಬಂದ. “ಕೂಗವಲ್ದಲ್ಲ? ಮೈಯಾಗ ಆರಾಮಿಲ್ಲೇನು ಇದಕ್ಕ?” ಎನ್ನುತ್ತ ಅವಳ ಪಕ್ಕ ಕುಕ್ಕರಗಾಲಲ್ಲಿ ಕುಳಿತ. ಸರದಾರ ಮೂಲೆ ಬಿಟ್ಟು ಬಂತು. ತಾತನ ಅಂಗೈಯಿಂದ ಗೆದ್ದಲು ಹೆಕ್ಕಿ ತಿಂದಿತು. ಎದೆ ಉಬ್ಬಿಸಿ ಒಂದೇ ಸಮ ಕೂಗತೊಡಗಿತು. ದೂರದ ಕಂಟಿಯಿಂದ ಇನ್ನೊಂದು ಕೌಜುಗ ಉತ್ತರ ಕೊಟ್ಟಿತು.

“ಬಂತು, ಬಂತು! ನೀ ಕುಂದ್ರು, ನಾ ಆ ಕಡಿಗೆ ನೋಡ್ತೀನಿ.” ತಾತ ಎದ್ದು ಹತ್ತಾರು ಹೆಜ್ಜೆ ಹೋಗಿರಬಹುದು. ಕೂಗು ನಡುವೆಯೇ ನಿಂತಿತು. ಸರದಾರ ಮತ್ತೆ ಮೂಲೆ ಸೇರಿತ್ತು.

ಅದಕ್ಕೆ ತನ್ನ ಮೇಲೆ ಸಿಟ್ಟಿದೆ ಎಂದು ಕಲ್ಯಾಣಿ ಇಷ್ಟು ಹೊತ್ತು ತಿಳಿದಿದ್ದಳು. ಸಿಟ್ಟಾಗಿದ್ದರೆ ಕುಕ್ಕುತ್ತಿತ್ತು. ಇದು ಸಿಟ್ಟಲ್ಲ. ಅವಳು ಕುಳಿತಿದ್ದರೂ ಸರದಾರನ ಪಾಲಿಗೆ ಅಲ್ಲಿ ಯಾರೂ ಕುಳಿತಿರಲಿಲ್ಲ.

ತಾತ ತಿರುಗಿ ಬಂದು ಹಕ್ಕಿಯನ್ನು ನೋಡಿದ. ಆಮೇಲೆ ಅವಳನ್ನು ನೋಡಿದ.

“ತಾತಾ,” ಎಂದಳು ಕಲ್ಯಾಣಿ. “ಹಾವು ಬಂದಾಗ ನಾ ಇಲ್ಲಿ ಇರಲಿಲ್ಲ. ಆ ಬಂಡೆಗಲ್ಲಿನ ಹಿಂದ ಓಡಿ ಹೋಗಿದ್ದೆ. ಕಟ್ಟಿಗಿ ಆಮ್ಯಾಲ ಹಿಡಕೊಂಡಿದ್ದು.”

ತಾತ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಅವಳಿಗೆ. ಅವನು ಹೋಗಿ ಉರುಲುಗಳನ್ನೆಲ್ಲ ಒಂದೊಂದಾಗಿ ಬಿಚ್ಚಿಕೊಂಡು ಬಂದ. ಪಂಜರಕ್ಕೆ ಬಟ್ಟೆ ಹೊದಿಸಿದ.

“ಎಷ್ಟು ಮಂದಿ ಮುಂದ ಹೇಳಿದ್ನಲ್ಲವ್ವಾ ನಾ,” ಎಂದ.

ಗುಡ್ಡ ಇಳಿಯುವಾಗ ಅವನು ಮುಂದೆ, ಅವಳು ಹಿಂದೆ. ದಾರಿಯಲ್ಲಿ ಕಲ್ಲುಗಳೇ ಹೆಚ್ಚು. ತಾತನ ಮೊಣಕಾಲು ನೋಯುತ್ತಿತ್ತು. ಒಂದು ಕೈಯಲ್ಲಿ ಕೋಲು ಊರುತ್ತ, ಇನ್ನೊಂದು ಕೈಯಲ್ಲಿ ಪಂಜರ ಅಲುಗದ ಹಾಗೆ ಹಿಡಿದು ನಿಧಾನಕ್ಕೆ ಇಳಿಯುತ್ತಿದ್ದ. ಬಟ್ಟೆಯ ಒಳಗಿನಿಂದ ಸರದಾರ ಸಣ್ಣಗೆ ಗುರುಗುಟ್ಟುತ್ತಿತ್ತು.

ಇಳಿಜಾರು ಕಡಿದಾದಲ್ಲಿ ತಾತ ಸುಧಾರಿಸಿಕೊಳ್ಳಲು ನಿಂತ. ಕಲ್ಯಾಣಿ ಪಕ್ಕಕ್ಕೆ ಬಂದು ಎರಡೂ ಕೈ ಚಾಚಿದಳು.

“ತಾತಾ, ಪಂಜರ ನಾ ಹಿಡಕೊಂತೀನಿ. ಕೊಡು.”

“ಕೊಡಂಗಿಲ್ಲ,” ಎಂದ ತಾತ.