ಸಾಸರುಗಳ ಟಿಪ್ಪಣಿ

ಛೀ… ಏನಿದು ವಾಸನೆ!

ಬೆಳಗಿನ ಹತ್ತು ಗಂಟೆ. ಪ್ರಕಾಶನದ ಕಚೇರಿಯಲ್ಲಿ ಕರಡು ತಿದ್ದುತ್ತಿದ್ದವಳು ತಲೆಯೆತ್ತಿದಳು. ಕಾಗದದ ಕಟ್ಟು ಹಿಡಿದು ಎದುರಿಗೆ ನಿಂತವನ ಅಂಗಿಯಿಂದ ಮದ್ಯದ ನಾತ ಗಪ್ಪೆಂದು ಮೂಗಿಗೆ ಬಡಿಯಿತು.

"ನಾನು… ಫ್ರೆಂಚ್ ಟಿಪ್ಪಣಿ ಬರೀತಿರೋನು. ಅಂತೂ ನಿಮ್ಮ ಮುಖ ನೋಡಿದ ಹಾಗಾಯ್ತು," ಎಂದು ಅವನು ನಕ್ಕ.

ಇವನಾ?! ಅವಳು ಕುರ್ಚಿ ಹಿಂದಕ್ಕೆ ಸರಿಸಿದಳು.

"ಅಲ್ಲೇ ಇಟ್ಟು ಹೋಗಿ!"

ಅವನು ಏನೋ ಹೇಳಲು ಬಾಯಿ ತೆರೆದ. ಅವಳು ಕರವಸ್ತ್ರದಿಂದ ಮೂಗು ಮುಚ್ಚಿಕೊಂಡದ್ದು ಕಂಡು, ಕಟ್ಟು ಮೇಜಿನ ಮೇಲಿಟ್ಟು ಹೊರಟುಹೋದ.

ಮೂರು ತಿಂಗಳಿಂದ ಇಬ್ಬರದೂ ಒಂದೇ ಪುಸ್ತಕ. ತಾಯ್ನಾಡು ಬಿಟ್ಟು ಬಂದು ಪ್ಯಾರಿಸ್ಸಿನ ಕೆಫೆಗಳಲ್ಲಿ ಕಾಲ ಕಳೆಯುವವರ ಹಳೆಯ ಕಾದಂಬರಿ. ಪುಟಪುಟಕ್ಕೂ ಫ್ರೆಂಚ್ ಮಾತು! ಅರ್ಥ ಬರೆಯುವುದು ಅವನ ಪಾಲು, ತಿದ್ದುವುದು ಇವಳ ಪಾಲು. ಅನುಮಾನ ಬಂದಲ್ಲಿ ಇವಳು ಚೀಟಿ ಅಂಟಿಸಿ ಕಳಿಸುತ್ತಿದ್ದಳು. ಉತ್ತರದ ಜೊತೆ ಅವನೊಂದು ತಮಾಷೆಯನ್ನೂ ಸೇರಿಸುತ್ತಿದ್ದ. ಆ ಅಕ್ಷರಗಳಿಗೆ ಯಾವಾಗ ಮನಸೋತಳೋ, ಅವಳಿಗೇ ತಿಳಿಯದು. ಅಮ್ಮನ ಹತ್ತಿರ ಹೇಳಿಬಿಡೋಣ ಎಂದೂ ಅಂದುಕೊಂಡಿದ್ದಳು.

ಕಡೆಗೆ ಇವನೂ ಕುಡುಕ… ಅಪ್ಪನ ಹಾಗೆ!

ಕುಡಿದು ಕುಡಿದೇ ಸತ್ತ ಅಪ್ಪನ ವಾಂತಿ ಬಳಿಯುತ್ತ ಬೆಳೆದವಳು ಅವಳು. ಅಂಥ ಇನ್ನೊಬ್ಬನನ್ನು ಮನೆಗೆ ಕರೆತರುವ ಯೋಚನೆಗೇ ಮೈಯೆಲ್ಲ ಹೇಸಿಗೆಯಾಯಿತು.

ಮೂಗು ಮುರಿಯುತ್ತಲೇ ಕಟ್ಟು ಬಿಚ್ಚಿದಳು. ಮೊದಲ ಟಿಪ್ಪಣಿ: 'ಸುಕೂಪ್ ಎಂದರೆ ಸಾಸರು. ಆ ಕಾಲದ ಕೆಫೆಗಳಲ್ಲಿ ಪ್ರತಿ ಗ್ಲಾಸಿನ ಜೊತೆ ಒಂದು ಸಾಸರು ಬರುತ್ತಿತ್ತು. ಎಷ್ಟು ಕುಡಿದರೆಂದು ತಿಳಿಯಲು ಅವನ್ನು ಮೇಜಿನ ಮೇಲೆಯೇ ಪೇರಿಸಿಡುತ್ತಿದ್ದರು. ರಾಶಿ ಏರಿದಷ್ಟೂ ಸಂಭ್ರಮ ಹೆಚ್ಚು.'

ಸಂಭ್ರಮವಂತೆ ಸಂಭ್ರಮ! ಅವಳಿಗೆ ಮೈ ಉರಿಯಿತು. ಕೊನೆಯ ವಾಕ್ಯ ಹೊಡೆದುಹಾಕಿ ಕೆಂಪು ಶಾಯಿಯಲ್ಲಿ ಬರೆದಳು: 'ಸುಳ್ಳು. ರಾಶಿ ಏರಿದಷ್ಟೂ ಮನೆಯಲ್ಲಿ ಕಾಯುವವರ ಎದೆ ಹೊಡೆದುಕೊಳ್ಳುತ್ತದೆ. ಬೇಕಾದರೆ ಅಂಥವರನ್ನು ಹೋಗಿ ಕೇಳಿ.'

ಕಟ್ಟನ್ನು ಅವನಿಗೇ ಹಿಂದಕ್ಕೆ ಕಳಿಸಿ ಸಂಪಾದಕಿಯ ಕೋಣೆಗೆ ನುಗ್ಗಿದಳು.

"ಮೇಡಂ, ಈ ಪುಸ್ತಕ ಬೇರೆಯವ್ರಿಗೆ ಕೊಡಿ. ನನ್ನಿಂದಾಗಲ್ಲ."

"ಇನ್ನು ಹನ್ನೆರಡೇ ಪುಟ ಇದೆಯಲ್ಲಮ್ಮ!"

"ಹನ್ನೆರಡು ಸಾಲೂ ಆಗಲ್ಲ!"

ಮರುದಿನ ಅವನು ಮತ್ತೆ ಬಂದ. ಒಗೆದ ಅಂಗಿ, ಕೆಂಪೇರಿದ ಕಣ್ಣು. ಬಾಗಿಲಲ್ಲೇ ನಿಂತ.

"ಪಾಸ್ತಿಸ್ ಅಂತ ಸೋಂಪಿನ ಮದ್ಯ ಬರುತ್ತಲ್ಲ ಪುಸ್ತಕದಲ್ಲಿ, ನೀರು ಬೆರೆಸಿದ್ರೆ ಹಾಲಿನ ಹಾಗೆ ಬೆಳ್ಳಗಾಗುತ್ತಂತೆ. ಕಣ್ಣಾರೆ ನೋಡದೆ ಹೇಗೆ ಬರೀಲಿ? ಬಾಟ್ಲಿ ತಂದೆ, ಮುಚ್ಚಳ ತೆಗೆಯೋಕೆ ಹೋಗಿ ಮೈಮೇಲೆ ಸುರ್ಕೊಂಡೆ. ನಿಮ್ಮನ್ನ ನೋಡೋ ಆತುರ ಬೇರೆ… ಒರೆಸ್ಕೊಂಡು ಹಾಗೇ ಓಡಿ ಬಂದೆ."

"ಕುಡಿದ್ರಾ?"

"ಒಂದೇ ಒಂದು ಚಮಚ. ಥೂ! ಕೆಮ್ಮಿನ ಔಷಧಿಗೆ ಸಾಬೂನು ಕಲಸಿದ ಹಾಗಿತ್ತು. ಅಲ್ಲೇ ವಾಂತಿ ಮಾಡ್ಕೊಂಡೆ."

ಅವಳಿಗೆ ನಗು ಬಂತು, ನುಂಗಿಕೊಂಡಳು. ನಂಬೋದು ಹೇಗೆ? ಅಪ್ಪನೂ ದಿನಕ್ಕೊಂದು ಕಥೆ ಕಟ್ಟುತ್ತಿದ್ದನಲ್ಲ!

ಅವನು ಒಳಗೆ ಬಂದು ಹಾಳೆಗಳನ್ನು ಮೇಜಿನ ಮೇಲಿಟ್ಟ. ರಾತ್ರಿಯಿಡೀ ಕೂತು ಹನ್ನೆರಡು ಪುಟವನ್ನೂ ಹೊಸದಾಗಿ ಬರೆದಿದ್ದ. ಸಾಸರಿನ ಟಿಪ್ಪಣಿಯಲ್ಲಿ ಸಂಭ್ರಮ ಇರಲಿಲ್ಲ, ಅವಳ ಮಾತೇ ಇತ್ತು.

"ಕುಡಿಯೋರ ಬಗ್ಗೆ ಓದಿ ಓದಿ ಬರೆದೆ. ಕಾಯೋರ ನೆನಪೇ ಆಗಲಿಲ್ಲ, ತಪ್ಪಾಯ್ತು. ನೀವು… ಯಾರಿಗೆ ಕಾಯ್ತಿದ್ರಿ?"

ಇಷ್ಟು ವರ್ಷದಲ್ಲಿ ಯಾರೂ ಅವಳನ್ನು ಕೇಳಿರಲಿಲ್ಲ.

"ಅಪ್ಪಂಗೆ," ಎಂದಳು. ಕಣ್ಣು ತುಂಬಿ ಬಂತು.

ಅವಳು ಅತ್ತು ಮುಗಿಸುವವರೆಗೂ ಅವನು ನಿಂತೇ ಇದ್ದ.

"ನಂಗೆ ನೀವಂದ್ರೆ ತುಂಬಾ ಇಷ್ಟ," ಎಂದ ಮೆಲ್ಲಗೆ. "ಹೂಂ ಅಂದ್ರೆ, ಯಾವತ್ತೂ ಹಾಗೆ ಕಾಯಿಸಲ್ಲ."

ಅವಳು ಮೂಗು ಒರೆಸಿಕೊಂಡಳು.

"ಅಮ್ಮ ಮೊದಲು ಕೇಳೋದೇ, ಹುಡುಗ ಕುಡೀತಾನಾ ಅಂತ."

"ಏನಂತೀರಿ?"

"ಒಂದು ಚಮಚ. ಅದೂ ಹೊಟ್ಟೇಲಿ ನಿಲ್ಲಲಿಲ್ಲ ಅಂತೀನಿ!"